ಲೇಸಿನ ಬೆನ್ನು

ತಿಲಕ್ ನಗರದಲ್ಲಿ ಹುಕ್ಕು, ಲೈನಿಂಗು, ಫಾಲ್ಸು ಮಾರುವ ಒಂದು ಅಂಗಡಿ. ಹೆಂಡತಿಯ ರವಿಕೆ ತೋಳಿಗೆ ಬಾರ್ಡರ್ ತರಲು ಹೋದವನು, ಅಂಗಡಿಯಾತ ಬೇರೆ ಗಿರಾಕಿಯಲ್ಲಿ ಮುಳುಗಿದ್ದಾಗ, 'ಕಸೂತಿ ಲೇಸ್' ಎಂಬ ಸುರುಳಿಯ ಜೊತೆ ಮಾತಿಗಿಳಿದೆ.

ನಾನು: ನಮಸ್ಕಾರ. ತಮ್ಮ ಊರು?

ಲೇಸು: ಧಾರವಾಡ ಅಂತ ಬರ್ಕೊಳ್ಳಿ.

ನಾನು: ಯಾವ ಓಣಿ?

ಲೇಸು: ಸೂರತ್ ಕಡೆ ಓಣಿ.

ನಾನು: ಕಸೂತಿ ಅನ್ನೋ ಹೆಸರಲ್ಲೇ 'ಕೈ' ಇದೆ ಅಂತಾರೆ. ನಿಮ್ಮನ್ನು ಯಾವ ಕೈಯೂ ಮುಟ್ಟಿಲ್ಲವಲ್ಲ?

ಲೇಸು: ಮೈಸೂರು ಪಾಕೆಲ್ಲ ಮೈಸೂರಿಂದಲೇ ಬರುತ್ತಾ ಸಾರ್? ಅದೂ ಅಲ್ದೆ, ಕನ್ನಡದಲ್ಲಿ ಲೇಸು ಅಂದ್ರೇ ಒಳ್ಳೇದು.

ನಾನು: ಗವಂತಿ, ಮುರ್ಗಿ, ನೇಗಿ, ಮೆಂತಿ, ಇವರ ಪರಿಚಯ ಇದೆಯಾ?

ಲೇಸು: ಮೆಂತೆ ಗೊತ್ತು. ಉಳಿದವರು ಪಿಜಿ ಹುಡುಗೀರಾ?

(ಕಸೂತಿಯ ನಾಲ್ಕು ಹೊಲಿಗೆಗಳು ಇವು. ಬಟ್ಟೆಯ ಮೇಲೆ ಗೆರೆ ಎಳೆಯುವಂತಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿಯ ದಾರ ಬಿಟ್ಟು ಬಿಟ್ಟು ಮುಂದೆ ಹೋಗಿ, ಬಂದ ದಾರಿಯಲ್ಲೇ ಮರಳುತ್ತ ಖಾಲಿ ಜಾಗ ತುಂಬುತ್ತದೆ. ಗಂಟು ಕಾಣಬಾರದು. ಇಳಕಲ್ ಸೀರೆಯ ಸೆರಗಿನ ಮೇಲಿನ ಗವಂತಿ ಗೋಪುರವನ್ನು ಮಗುಚಿ ನೋಡಿದರೆ ಅಲ್ಲೂ ಗೋಪುರವೇ.)

ಲೇಸು: ನಮ್ಮದೂ ಸಣ್ಣ ಮನೆತನ ಅಲ್ಲ. ಫ್ರಾನ್ಸಿನ ಕಡೆ ಸಂಬಂಧ. ಮದುವೆ ಗೌನಿನ ಮೇಲೆ ನಮ್ಮಕ್ಕಂದಿರು 'ಅಲಾಂಸೋನ್ ಲೇಸ್' ಅಂತಲೇ ಓಡಾಡ್ತಾರೆ.

ನಾನು: ಅವರದೂ ನಿಮ್ಮದೇ ಕಥೆ. ಅಸಲು ಅಲಾಂಸೋನಿಗೆ 1665ರಲ್ಲಿ ಹದಿನಾಲ್ಕನೇ ಲೂಯಿಯ ಮಂತ್ರಿ ಕೋಲ್ಬೆರ್ ರಾಜಾಶ್ರಯ ಕೊಡಿಸಿದ. ಬರೀ ಸೂಜಿ ದಾರದ ಕೆಲಸ. ಪೂರ್ತಿ ಕಲಿಯೋಕೆ 7ರಿಂದ 10 ವರ್ಷ, ಒಂದು ಚದರ ಸೆಂಟಿಮೀಟರಿಗೆ 7 ಗಂಟೆ. 2010ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ಲೇಸು: ಒಂದು ಉಗುರಿನಷ್ಟಕ್ಕೆ 7 ಗಂಟೆ! ಸಿಲ್ಕ್ ಬೋರ್ಡ್ ಸಿಗ್ನಲ್ಲೇ ವಾಸಿ. ನಮ್ಮ ಮುತ್ತಾತ ಲೀವರ್ಸ್ ಯಂತ್ರ, 1813ರಲ್ಲಿ ನಾಟಿಂಗ್‌ಹ್ಯಾಮಲ್ಲಿ ಹುಟ್ಟಿದ್ದು. ಆ ಕಾಲದ ಲೇಸು ಯಂತ್ರಗಳು ಕಳ್ಳಸಾಗಣೆಯಲ್ಲಿ ಇಂಗ್ಲಿಷ್ ಕಾಲುವೆ ದಾಟಿ ಫ್ರಾನ್ಸಿನ ಕ್ಯಾಲೆ ಸೇರಿದವು. ಹುಟ್ಟಿನಿಂದಲೇ ನಾವು ಹೊಂದಿಕೊಂಡು ಹೋಗೋ ಜನ.

ನಾನು: ಸ್ವಲ್ಪ ತಿರುಗ್ತೀರಾ? ಬೆನ್ನು ನೋಡಬೇಕಿತ್ತು.

ಲೇಸು: ಸಂದರ್ಶನ ಮುಗೀತು ಸಾರ್.

ನಾನೇ ತಿರುಗಿಸಿದೆ. ಮುಖದ ಮೇಲಿನ ಆನೆ ಚಿತ್ತಾರ ಬೆನ್ನಲ್ಲೂ ಇರಬೇಕಾದಲ್ಲಿ ಬಾಬಿನ್ನಿನ ಬಿಳಿ ದಾರ, ಹರಿದ ಕಾಗದದ ಚೂರು. ಆನೆಯಿಂದ ತುಳಸಿಕಟ್ಟೆಗೆ ನೆಗೆದ ಎಳೆಗಳು ನಮ್ಮ ಬೀದಿಯ ಕೇಬಲ್ ವೈರುಗಳಂತೆ ಜೋತುಬಿದ್ದಿದ್ದವು.

ಲೇಸು: ಬೆನ್ನು ನೋಡಿದ ಮೊದಲನೇ ಗಿರಾಕಿ ನೀವೇ. ಎಲ್ಲರಿಗೂ ಮುಖ ಸಾಕು, ಫೋಟೊ ಬಂದರೆ ಆಯ್ತು. ಒಂದು ಮಾತು ಕೇಳ್ಲಾ? ಹೋದ ತಿಂಗಳು ಮೇಳದಲ್ಲಿ ಕೈಕಸೂತಿ ಸೀರೆ ಹಿಡಕೊಂಡು, 'ಬರೀ ದಾರಕ್ಕೆ ಇಷ್ಟೊಂದಾ? ಅರ್ಧಕ್ಕೆ ಕೊಡಮ್ಮ' ಅಂತ ಕೇಳಿ, ಅಲ್ಲೇ ಮಡಚಿಟ್ಟು ಬಂದವರು ಯಾರು?

ನನಗೆ ಉತ್ತರ ಹೊಳೆಯುವಷ್ಟರಲ್ಲಿ ಅಂಗಡಿಯಾತ ಕತ್ತರಿ ಹಿಡಿದು ಬಂದ. ಒಂದು ಮೀಟರ್ ಕತ್ತರಿಸಿಕೊಂಡೆ. 40 ರೂಪಾಯಿ. 35 ಮಾಡ್ಕೊಳ್ಳಿ ಅಂದೆ.

'ಫಿಕ್ಸೆಡ್ ರೇಟ್ ಸಾರ್' ಅಂದ. ಮರುಮಾತಾಡದೆ ಕೊಟ್ಟು ಬಂದೆ.