ಬೀರುವಿನೊಳಗಿನ ಹುಲಿ

ಆಸ್ತಿ ತೆರಿಗೆ ರಸೀದಿಯನ್ನು ಯಾರೂ ಪೂರ್ತಿ ಓದುವುದಿಲ್ಲ. ನಾನು ಓದಿದೆ, ತಪ್ಪು ನನ್ನದೇ. ತೆರಿಗೆಯ ಮೇಲೆ ಶೇಕಡಾ 6 ಗ್ರಂಥಾಲಯ ಕರ ಅಂತ ಒಂದು ಸಾಲು ಅಲ್ಲಿ ತೆಪ್ಪಗೆ ಕೂತಿತ್ತು. ತಿಂಗಳು ತಿಂಗಳು ದುಡ್ಡು ಕಟ್ಟಿ ಒಂದು ದಿನವೂ ಮೆಸ್ಸಿನ ಊಟಕ್ಕೆ ಹೋಗದವನ ಹಾಗಾಯಿತಲ್ಲ ನನ್ನ ಕಥೆ ಅನ್ನಿಸಿ, ಭಾನುವಾರ ಬೆಳಿಗ್ಗೆ ನಾಲ್ಕು ವರ್ಷದ ಮಗಳ ಕೈ ಹಿಡಿದು ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಹೊರಟೆ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೇ ಹೋಗಬಹುದಿತ್ತು. ಆದರೆ ಅದು ಶೇಷಾದ್ರಿ ಅಯ್ಯರ್ ಹೆಸರಿನ ಸ್ಮಾರಕ, ನೋಡಲು ಅರಮನೆ. ಅಲ್ಲಿಗೆ ಹೋದರೆ ಮಗಳು ರಾಜನನ್ನು ತೋರಿಸು ಅನ್ನುತ್ತಾಳೆ.

ಬಾಗಿಲಲ್ಲೇ ಮೇಜು, ಮೇಜಿನ ಮೇಲೆ ಹಾಜರಿ ಪುಸ್ತಕ, ಪುಸ್ತಕಕ್ಕೊಂದು ಬಾಲ್‌ಪೆನ್ನು, ಪೆನ್ನಿಗೊಂದು ಸೆಣಬಿನ ದಾರ, ದಾರದ ಇನ್ನೊಂದು ತುದಿ ಮೇಜಿನ ಕಾಲಿಗೆ.

"ಅಪ್ಪಾ, ಈ ಪೆನ್ನು ಕಚ್ಚುತ್ತಾ?"

ಕಟ್ಟಿಹಾಕಿದ್ದೆಲ್ಲ ಅವಳ ಪ್ರಕಾರ ನಾಯಿ.

ಗ್ರಂಥಾಲಯಕ್ಕೆ ಈಗ ಯಾರು ಬರುತ್ತಾರೆ ಅಂತ ಮರುಗುವವರು ಒಮ್ಮೆ ಒಳಗೆ ಹೋಗಿ ನೋಡಬೇಕು. ಕೂರಲು ಜಾಗವಿರಲಿಲ್ಲ. ಕಿಟಕಿ ಪಕ್ಕದಲ್ಲಿ ನಿವೃತ್ತರು. ಒಂದು ಪತ್ರಿಕೆ ನಾಲ್ಕು ಹಾಳೆಯಾಗಿ ನಾಲ್ವರಿಗೆ ಪಾಲಾಗಿತ್ತು. ಕ್ರೀಡಾಪುಟ ಸಿಕ್ಕವರು ನಿಧನವಾರ್ತೆ ಸಿಕ್ಕವರ ಕಡೆ ಆಸೆಯಿಂದ ನೋಡುತ್ತಿದ್ದರು. ಉಳಿದ ಮೇಜೆಲ್ಲ ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಕಟ್ಟಿದ ಹುಡುಗ ಹುಡುಗಿಯರದು. ಗೈಡು ಅವರದೇ, ನೋಟ್ಸು ಅವರದೇ, ನೀರಿನ ಬಾಟಲಿ ಅವರದೇ. ಗ್ರಂಥಾಲಯದ್ದು ಅಂತ ಇದ್ದದ್ದು ಫ್ಯಾನಿನ ಗಾಳಿ. ಅವರನ್ನು ಗೇಲಿ ಮಾಡಲು ನನಗೆ ಮನಸ್ಸಿಲ್ಲ. ಒಂದೇ ರೂಮಿನಲ್ಲಿ ನಾಲ್ಕು ಜನ ಸರದಿಯ ಮೇಲೆ ಮಗ್ಗುಲು ಬದಲಿಸುವವರಿಗೆ ಖಾಲಿ ಕುರ್ಚಿಗಿಂತ ದೊಡ್ಡ ಗ್ರಂಥ ಯಾವುದಿದೆ? ಆದರೂ ಲೆಕ್ಕ ಲೆಕ್ಕವೇ. ಕಪಾಟಿನಿಂದ ಒಂದು ಪುಸ್ತಕ ತೆಗೆಯಬೇಕು ಅಂತ ಬಂದಿದ್ದವಳು ಇಡೀ ಹಾಲಿಗೆ ಒಬ್ಬಳೇ. ಅವಳಿಗೆ ಓದಲು ಬರುತ್ತಿರಲಿಲ್ಲ.

'ಮಕ್ಕಳ ವಿಭಾಗ' ಎಂಬ ಬೋರ್ಡಿನ ಕೆಳಗೆ ಗಾಜಿನ ಬಾಗಿಲಿನ ಬೀರು, ಬೀರುವಿಗೆ ಬೀಗ. ಗಾಜಿನಾಚೆ ಒಂದು ಹುಲಿಯ ಮುಖಪುಟ. ಮಗಳು ಗಾಜಿಗೆ ಮೂಗು ಒತ್ತಿ ನಿಂತಳು. ಬನ್ನೇರುಘಟ್ಟದಲ್ಲೂ ಹುಲಿಗೆ ಇಷ್ಟು ಭದ್ರತೆ ನಾನು ಕಂಡಿಲ್ಲ.

"ಕೀ ಇಲ್ಲ ಸಾರ್, ಮೇಡಂ ಹತ್ರ ಇದೆ," ಅಂದ ಸಹಾಯಕ. "ಅವ್ರಿಗೆ ಎರಡು ಬ್ರಾಂಚು. ಇವತ್ತು ಆ ಕಡೆ."

"ಮಕ್ಕಳ ಬೀರುಗೆ ಬೀಗ ಯಾಕಪ್ಪಾ?"

"ಮಕ್ಕಳು ಮುಟ್ತಾರಲ್ಲ ಸಾರ್! ಹರಿದ್ರೆ ಯಾರು ಕಟ್ಕೊಡ್ತಾರೆ?"

ಅವನ ಕಷ್ಟ ಅವನಿಗೆ. ಓದಿ ಓದಿ ಹರಿದ ಪುಸ್ತಕಕ್ಕೆ ವಿವರಣೆ ಕೊಡಬೇಕು. ಯಾರೂ ಮುಟ್ಟದೆ ಹುಳು ಹಿಡಿದದ್ದು ಲೆಕ್ಕದಲ್ಲಿ ಕ್ಷೇಮ.

ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಮೊದಲನೆಯದೇ, ಪುಸ್ತಕ ಇರುವುದು ಬಳಕೆಗೆ ಎಂದು. ಇಷ್ಟು ಸಣ್ಣ ಮಾತಿಗೆ ಸೂತ್ರ ಬೇಕಿತ್ತೇ? ಬೇಕಿತ್ತು. ಯೂರೋಪಿನಲ್ಲಿ ಒಂದು ಕಾಲಕ್ಕೆ ಪುಸ್ತಕಗಳನ್ನು ಕಪಾಟಿಗೆ ಸರಪಳಿಯಿಂದ ಬಿಗಿಯುತ್ತಿದ್ದರಂತೆ. ಸರಪಳಿ ಹೋದರೂ ಆ ಬುದ್ಧಿ ಹೋಗುವುದಿಲ್ಲವೆಂದು ಈ ಗಣಿತದ ಮೇಷ್ಟ್ರು ಬಲ್ಲವರಾಗಿದ್ದರು. ಅವರು 1972ರಲ್ಲಿ ತೀರಿಕೊಂಡದ್ದು ಇದೇ ಬೆಂಗಳೂರಿನಲ್ಲಿ. ಆಗಸ್ಟ್ 12ರ ಗ್ರಂಥಪಾಲಕರ ದಿನಕ್ಕೆ ಅವರ ಫೋಟೊಗೆ ಹಾರ ತಪ್ಪುವುದಿಲ್ಲ. ನಮ್ಮ ಶಾಖೆಯಲ್ಲೂ ಫೋಟೊ ಇದೆ, ಆ ಬೀರುವಿನ ನೆತ್ತಿಯ ಮೇಲೇ. ಬೀಗ ಅವರ ಕಣ್ಣಿಗೆ ಬೀಳದ ಜಾಗ.

ಸೂತ್ರಗಳಿಂದ ಆಗದ ಕೆಲಸ ಮಗಳ ಗಂಟಲಿನಿಂದ ಆಯಿತು. ಅವಳು "ಹುಲಿ ಬೇಕೂ" ಅಂತ ರಾಗ ತೆಗೆದಳು. ನಾಲ್ಕೂ ಹಾಳೆಗಳು ಕೆಳಗಿಳಿದವು, ಪಿಎಸ್‌ಐ ಆಗಲಿರುವವನು ಆಗಲೇ ಪಿಎಸ್‌ಐ ಆದವನಂತೆ ಗುರಾಯಿಸಿದ. ಅರ್ಧ ನಿಮಿಷದಲ್ಲಿ ಸಹಾಯಕನ ಡ್ರಾಯರಿನಿಂದ ಡೂಪ್ಲಿಕೇಟ್ ಕೀ ಉದ್ಭವಿಸಿತು.

ಬೀರು ತೆರೆದರೆ ಮಕ್ಕಳ ಪುಸ್ತಕ ಒಂದು ಸಾಲು. ಮಿಕ್ಕ ಮೂರು ಸಾಲಿನಲ್ಲಿ ಅಭಿನಂದನ ಗ್ರಂಥ, ಪ್ರವಾಸ ಕಥನ, ಇಟ್ಟಿಗೆ ಗಾತ್ರದ ಆತ್ಮಕಥೆಗಳು. ಇದಕ್ಕೂ ಕಾರಣವಿದೆ. ಸಗಟು ಖರೀದಿಯಲ್ಲಿ ಪುಸ್ತಕಕ್ಕೆ ಬೆಲೆ ಕಟ್ಟುವುದು ಪುಟ ಎಣಿಸಿ. ಹದಿನಾರು ಪುಟದಲ್ಲಿ ಒಂದು ಕಾಡು, ಒಂದು ಹುಲಿ, ನಾಲ್ಕು ಬಣ್ಣ ತುಂಬಿದವನಿಗೆ ಸಿಗುವುದು ಚಿಲ್ಲರೆ. ನಾನೂರು ಪುಟ ತನ್ನ ಬಗ್ಗೆಯೇ ಬರೆದುಕೊಂಡವನಿಗೆ ನೋಟು. ತೂಕಕ್ಕೆ ಕೊಳ್ಳುವುದರಲ್ಲಿ ಗುಜರಿಯವನೇ ವಾಸಿ. ಅವನು ಚಿತ್ರವಿದೆ ಅಂತ ಕಡಿಮೆ ಕೊಡುವುದಿಲ್ಲ.

ಹುಲಿ ಕೊನೆಗೂ ಮಡಿಲಿಗೆ ಬಂತು. ಮುಖಪುಟದಲ್ಲಿ ಅದರ ಎಡಗಣ್ಣಿನಿಂದ ಹೊರಟ ತೂತು ಮೊಲ, ಜಿಂಕೆ, ಅಜ್ಜಿಯ ಗುಡಿಸಲು ಎಲ್ಲವನ್ನೂ ಹಾಯ್ದು ಬೆನ್ನುಪುಟದ ಬೆಲೆಯಲ್ಲಿ ಹೊರಬಿದ್ದಿತ್ತು. ಯಾವುದೋ ಹುಳು ಮೊದಲಿಂದ ಕೊನೆಯವರೆಗೆ ಒಂದು ಪುಟವನ್ನೂ ಬಿಡದೆ ಓದಿದೆ. ಮಗಳು ತೂತಿಗೆ ಕಿರುಬೆರಳು ತೂರಿಸಿ, ಪುಸ್ತಕವನ್ನು ತಲೆಕೆಳಗೆ ಹಿಡಿದು, ಇಪ್ಪತ್ತು ನಿಮಿಷ ಕಥೆ ಹೇಳಿದಳು. ಅವಳ ಕಥೆಯಲ್ಲಿ ಹುಲಿಯೇ ಕೀ ನುಂಗಿತ್ತು.

ಮನೆಗೆ ಒಯ್ಯೋಣ ಅಂದಳು. ನನ್ನ ಆಧಾರ್, ಎರಡು ಫೋಟೊ, ಠೇವಣಿ ಎಲ್ಲಕ್ಕೂ ಸಿದ್ಧನಾಗಿಯೇ ಬಂದಿದ್ದೆ.

"ಬೇರೆ ಯಾವುದಾದ್ರೂ ತಗೊಳ್ಳಿ ಸಾರ್. ಮಕ್ಕಳ ಪುಸ್ತಕ ಮನೆಗೆ ಕೊಡಲ್ಲ."

"ಯಾಕೆ?"

"ಮನೇಲಿ ಮಕ್ಕಳಿರ್ತಾರೆ."

ಹುಲಿ ಬೋನು ಸೇರಿತು. ಹೊರಡುವಾಗ ಸಹಾಯಕ ಹಾಜರಿ ಪುಸ್ತಕದ ಬೇರೊಂದು ಪುಟ ತೆರೆದು, ಕಟ್ಟಿಹಾಕಿದ ಪೆನ್ನನ್ನು ಮಗಳ ಕೈಗೆ ಕೊಟ್ಟ. ಮಕ್ಕಳ ವಿಭಾಗದ ಪುಟ. ತಿಂಗಳ ಮೊದಲ ದಿನದಿಂದ ಬಿಳಿಬಿಳಿ. ಅವಳು ನಾಲಿಗೆ ಕಚ್ಚಿಕೊಂಡು, ಅಲೆಯಂಥದೊಂದು ಗೆರೆ ಎಳೆದಳು.

"ಚೆನ್ನಾಗಿದೆ ಪುಟ್ಟಿ," ಅಂದ ಅವನು, ದನಿ ತಗ್ಗಿಸಿ. "ಇದರ ಕೆಳಗೆ ಇನ್ನೊಂದು ನಾಲ್ಕು ಹಾಕಮ್ಮ. ಬೇರೆ ಬೇರೆ ಥರ."