ಮತದಾನ ಮೀಮಾಂಸೆ: ಕಾರಮಡೈ ಪಾಠ

ಶಾಸ್ತ್ರ ಬರೆಯುವವನು ಮೊದಲು ಅದಕ್ಕೆ ಅಧಿಕಾರಿ ಯಾರೆಂದು ನಿರ್ಣಯಿಸಬೇಕು. ವೇದಾಂತಕ್ಕೆ ವಿವೇಕ, ವೈರಾಗ್ಯ, ಶಮದಮಾದಿಗಳು ಬೇಕು. ಮತದಾನಶಾಸ್ತ್ರ ಅಷ್ಟು ಬಿಗಿಯಲ್ಲ: ಹದಿನೆಂಟು ತುಂಬಿದ್ದರೆ ಸಾಕು, ವಿವೇಕ ಐಚ್ಛಿಕ. ಮೊದಲು ಇಪ್ಪತ್ತೊಂದು ಬೇಕಿತ್ತು. 1989ರಲ್ಲಿ ಜಾರಿಗೆ ಬಂದ ಸಂವಿಧಾನದ 61ನೇ ತಿದ್ದುಪಡಿ ಮೂರು ವರ್ಷ ಇಳಿಸಿತು. ವಯಸ್ಸು ಎಣಿಸುವ ಪುಣ್ಯಕಾಲ ಹಿಂದೆ ಜನವರಿ 1 ಒಂದೇ. ಈಗ ಏಪ್ರಿಲ್, ಜುಲೈ, ಅಕ್ಟೋಬರ್‌ಗಳ ಮೊದಲ ದಿನಗಳೂ ಸೇರಿವೆ. ಹದಿನೇಳು ತುಂಬಿದವರು ಮುಂಗಡವಾಗಿ ಹೆಸರು ಸೇರಿಸುವ ನಮೂನೆ 6 ಕೊಟ್ಟು ಕಾಯಬಹುದು.

ನಮ್ಮ ಅಧ್ಯಯನದ ನೆಲ ಕಾರಮಡೈ. ಕೊಯಮತ್ತೂರಿನಿಂದ ಮೇಟ್ಟುಪಾಳಯಂಗೆ ಹೋಗುವ ದಾರಿಯಲ್ಲಿ ಸಿಗುವ ರಂಗನಾಥನ ತೇರಿನ ಊರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಆಡುವ ಕುಟುಂಬಗಳು ಈ ಸೀಮೆಯಲ್ಲಿ ತಲೆಮಾರುಗಳಿಂದ ಇವೆ. ವಿಧಾನಸಭೆಗೆ ಇದು ಮೇಟ್ಟುಪಾಳಯಂ ಕ್ಷೇತ್ರ. ಲೋಕಸಭೆಗೆ ಮಾತ್ರ ಇಲ್ಲಿನ ಮತದಾರ ಬೆಟ್ಟ ಹತ್ತದೆಯೇ ನೀಲಗಿರಿಯವನು. (ಭೂಗೋಳ ಬಲ್ಲವರು ಇದನ್ನು ಒಪ್ಪಲಿಕ್ಕಿಲ್ಲ. ಅವರನ್ನು ಕೇಳಿದವರಾರು?)

ಪೂರ್ವಪಕ್ಷ: "ನನ್ನ ಹತ್ತಿರ ವೋಟರ್ ಕಾರ್ಡಿದೆ, ಆದ್ದರಿಂದ ನನಗೆ ಓಟಿದೆ." ಹೊಗೆ ಕಂಡು ಬೆಂಕಿ ಊಹಿಸುವ ತಾರ್ಕಿಕರಿಗೆ ಇದು ಸರಿಯೆನಿಸೀತು. ಆದರೆ ಇದು ಶುದ್ಧ ಹೇತ್ವಾಭಾಸ. ನೀವು ನೀವೇ ಎಂಬುದಕ್ಕೆ ಕಾರ್ಡು ಪ್ರಮಾಣ. ಓಟಿಗೆ ಪ್ರಮಾಣ ಮತದಾರರ ಪಟ್ಟಿ ಮಾತ್ರ. ಪಟ್ಟಿಯಲ್ಲಿ ಹೆಸರಿದ್ದು ಕಾರ್ಡು ಕಳೆದವನು ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ಯಾವುದಾದರೂ ತೋರಿಸಿ ಒಳಗೆ ಹೋಗುತ್ತಾನೆ. ಕಾರ್ಡಿದ್ದು ಹೆಸರಿಲ್ಲದವನು, ಲ್ಯಾಮಿನೇಷನ್ ಎಷ್ಟೇ ಹೊಳೆಯುತ್ತಿರಲಿ, ಬಂದ ದಾರಿ ಹಿಡಿಯುತ್ತಾನೆ. 2025ರ ನವೆಂಬರ್ 4ರಿಂದ ತಮಿಳುನಾಡಿನಲ್ಲಿ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ನಡೆದಾಗ, ಇಪ್ಪತ್ತು ವರ್ಷದಿಂದ ಓಟು ಹಾಕುತ್ತಿದ್ದವರೂ ಗಣತಿ ನಮೂನೆ ತುಂಬಿ ಸಹಿ ಹಾಕಿ ಕೊಡಬೇಕಾಯಿತು. ಸಿದ್ಧಾಂತ ಆಗ ಮನೆಮನೆಗೂ ಮುಟ್ಟಿತು.

ನಮೂನೆಗಳಲ್ಲಿ 6 ಸೃಷ್ಟಿ (ಸೇರ್ಪಡೆ), 8 ಸ್ಥಿತಿ (ತಿದ್ದುಪಡಿ), 7 ಲಯ (ಹೆಸರು ತೆಗೆಯುವುದು). ಕ್ರಮ ತಪ್ಪಿದ್ದು ಚುನಾವಣಾ ಆಯೋಗದ ದೋಷ, ಗ್ರಂಥಕರ್ತನದಲ್ಲ. ಅನ್ನೂರಿನಿಂದ ಮದುವೆಯಾಗಿ ಬಂದ ಸೊಸೆ ಪಟ್ಟಿಯಲ್ಲಿ ಹೆಸರಿದ್ದೂ ಮತ್ತೆ 6 ತುಂಬಬಾರದು; ವಿಳಾಸ ಬದಲಿಸಲು 8 ಸಾಕು. ಎರಡು ಕಡೆ ಹೆಸರಿಟ್ಟುಕೊಳ್ಳುವುದನ್ನು ತವರು ಒಪ್ಪಿದರೂ ಕಾನೂನು ಒಪ್ಪದು.

ಇನ್ನು ನಾಮಪ್ರಕರಣ. ದೇವರು ರಂಗನಾಥನಾದ ಊರಿನಲ್ಲಿ ರಂಗಸಾಮಿ, ರಂಗರಾಜ್, ರಂಗನಾಯಕಿಯರಿಗೆ ಬರವಿಲ್ಲ. ಆದ್ದರಿಂದ ಪಟ್ಟಿಯಲ್ಲಿ ತಂದೆಯ ಅಥವಾ ಗಂಡನ ಹೆಸರೂ ಮನೆ ನಂಬರೂ ಇರುತ್ತವೆ. ಈ ನಂಬರೇ ಮಾಯೆ. ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್ಒ) ಆಗಿ ಬಂದ ಟೀಚರಮ್ಮ ಮೊಣಕಾಲ ಮೇಲೆ ರಿಜಿಸ್ಟರ್ ಇಟ್ಟುಕೊಂಡು ಜಗಲಿಯಲ್ಲಿ ಕೂತು ಕೇಳುತ್ತಾರೆ: "ಹಳೇ ನಂಬರಾ, ಹೊಸ ನಂಬರಾ?" ಒಳಗಿಂದ ಅಜ್ಜಿಯ ಉತ್ತರ: "ನಂಬರ್ ಯಾಕವ್ವಾ? ಬೇವಿನಮರದ ಮನೆ ಅಂತ ಬರ್ಕೋ." ಟೀಚರಮ್ಮ ಎರಡು ನಂಬರನ್ನೂ ಬರೆದುಕೊಳ್ಳುತ್ತಾರೆ. ಬೇವಿನಮರಕ್ಕೆ ನಮೂನೆಯಲ್ಲಿ ಅಂಕಣವಿಲ್ಲ.

ಹೆಸರು ಸೇರಿಸುವ ಬಾಗಿಲು ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಚ್ಚುತ್ತದೆ. ಅರ್ಜಿ ಪರಿಶೀಲನೆಗೂ ದಿನ ಹಿಡಿಯುವುದರಿಂದ ಆ ದಿನ ಓಡಿಬಂದು ಫಲವಿಲ್ಲ. ನಾಮಪತ್ರವೆಂದ ಮೇಲೆ ಈ ಸೀಮೆಯಾದ ಕೊಂಗುನಾಡಿನ ಮಹಾಕಾವ್ಯವನ್ನು ನೆನೆಯದಿದ್ದರೆ ದೋಷ ತಟ್ಟೀತು. 1996ರಲ್ಲಿ ಈರೋಡ್ ಕಡೆಯ ಮೊಡಕುರಿಚ್ಚಿಯಲ್ಲಿ ರೈತರು ತಮ್ಮ ಅಳಲು ಕೇಳಿಸಲೆಂದು ಸಾಲುಗಟ್ಟಿ ನಾಮಪತ್ರ ಹಾಕಿ, ಕಣದಲ್ಲಿ 1,033 ಅಭ್ಯರ್ಥಿಗಳು ನಿಂತರು. ಮತಪತ್ರ ಪುಸ್ತಕವಾಯಿತು. ಅಷ್ಟು ಪುಟ ತಿರುವಿ ಓಟು ಹಾಕಿದವರೇ ನಿಜವಾದ ವಿದ್ವಾಂಸರು ಎಂದು ಈ ಲೇಖಕನ ಮತ. ಅದೇ ವರ್ಷ ವಿಧಾನಸಭೆ ಅಭ್ಯರ್ಥಿಯ ಠೇವಣಿ 250 ರೂಪಾಯಿಯಿಂದ 5,000ಕ್ಕೆ ಏರಿತು, ಈಗ 10,000. ಮಹಾಕಾವ್ಯದ ಯುಗ ಮುಗಿಯಿತು.

ಮತಗಟ್ಟೆಯೊಳಗೆ ಮಸಿಯೇ ಪ್ರಧಾನ. ಅದು ಮೈಸೂರಿನದು: ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಆರಂಭಿಸಿದ ಕಾರ್ಖಾನೆ, ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರಿಂದ ದೇಶದ ಚುನಾವಣೆಗೆ ಇದನ್ನು ಒದಗಿಸುತ್ತಿದೆ. ಅದರಲ್ಲಿನ ಸಿಲ್ವರ್ ನೈಟ್ರೇಟ್ ಬೆಳಕು ತಾಗಿದಂತೆ ಚರ್ಮದ ಮೇಲೆ ಕಪ್ಪಾಗುತ್ತದೆ. ಸೋಪಿಗೂ ಸೀಗೆಗೂ ಜಗ್ಗದು. ಮೈಸೂರು ಸೀಮೆಯಿಂದ ಘಟ್ಟ ಇಳಿದು ಬಂದೆವೆಂದು ಹೇಳಿಕೊಳ್ಳುವ ಮನೆಯವರ ಬೆರಳಿಗೆ ಆ ಸೀಮೆ ಈಗಲೂ ಚುನಾವಣೆಗೊಮ್ಮೆ ಒಂದು ತೊಟ್ಟು ಕಳಿಸುತ್ತಿದೆ. ಸಾಲದೆ?

ಯಾವ ಬೆರಳು? ಇಲ್ಲಿ ಚುನಾವಣಾ ನಿಯಮ 49ಕೆ ಪಾಣಿನಿಯನ್ನೂ ಮೀರಿಸುತ್ತದೆ. ಎಡಗೈ ತೋರುಬೆರಳು, ಅದಿಲ್ಲದಿದ್ದರೆ ಎಡಗೈಯ ಬೇರೆ ಬೆರಳು, ಎಡಗೈಯಲ್ಲಿ ಬೆರಳೇ ಇಲ್ಲದಿದ್ದರೆ ಬಲಗೈಯದು, ಎರಡೂ ಕೈಗಳಲ್ಲಿ ಇಲ್ಲದಿದ್ದರೆ ತೋಳಿನ ತುದಿ ಎಲ್ಲಿದೆಯೋ ಅಲ್ಲಿ. ಭಾಷ್ಯಕಾರರಿಗೆ ಕೆಲಸವೇ ಉಳಿದಿಲ್ಲ.

ಕೊನೆಗೆ ಸಂಶಯಪ್ರಕರಣ. ಬಂದವನು ಆ ರಂಗಸಾಮಿಯಲ್ಲ, ಈ ರಂಗಸಾಮಿ ಎಂದು ಪಕ್ಷದ ಏಜೆಂಟನಿಗೆ ಅನುಮಾನ ಬಂದರೆ ಅವನು ಆಕ್ಷೇಪ ಎತ್ತಬಹುದು. ಅದಕ್ಕೆ ಮತಗಟ್ಟೆ ಅಧಿಕಾರಿಯ ಬಳಿ ನಗದಾಗಿ ಎರಡು ರೂಪಾಯಿ ಇಡಬೇಕು. ಅನುಮಾನ ನಿಜವಾದರೆ ರಂಗಸಾಮಿ ಪೊಲೀಸರ ಕೈಗೆ, ಹಣ ಏಜೆಂಟನ ಕೈಗೆ. ಕುಚೋದ್ಯದ ಅನುಮಾನವಾದರೆ ಹಣ ಸರ್ಕಾರಕ್ಕೆ. ಅಭ್ಯರ್ಥಿಯ ಠೇವಣಿ ನಲವತ್ತು ಪಟ್ಟು ಏರಿದರೂ ಅನುಮಾನದ ದರ ಅಷ್ಟರಲ್ಲೇ ನಿಂತಿದೆ. ಚಿಲ್ಲರೆ ಮಾತ್ರ ಏಜೆಂಟನೇ ತರಬೇಕು.