ತಿರುಗು ಕುಕ್ಕುಟ ಪೌಷ್ಟಿಕ ಮೀಮಾಂಸೆ

ವಿಷಯ ಪ್ರಕರಣ

ಕಂಬಿಗೆ ಪೋಣಿಸಿಕೊಂಡು ಬೆಂಕಿಯೆದುರು ಸುತ್ತುತ್ತ ಬೇಯುವ ಮಸಾಲೆ ಕೋಳಿಯನ್ನು ತಿಂದವರು ಕೋಟ್ಯಂತರ, ಅದರ ಬಗ್ಗೆ ಶಾಸ್ತ್ರ ಬರೆದವರು ವಿರಳ. ತಿನ್ನುವಾಗ ಎರಡು ಕೈಯೂ ಜಿಡ್ಡಾಗಿ ಲೇಖನಿ ಜಾರುವುದೇ ಇದಕ್ಕೆ ಕಾರಣವಿರಬೇಕು. ಈ ಕೊರತೆಯನ್ನು ನೀಗಿಸಲು ಪ್ರಸ್ತುತ ಪ್ರಬಂಧಕಾರರು ಸೋಪು ಹಚ್ಚಿ ಕೈ ತೊಳೆದು ಕುಳಿತಿದ್ದಾರೆ.

ಅಧ್ಯಯನಕ್ಕೆ ಆರಿಸಿಕೊಂಡದ್ದು ಅಮೆರಿಕದ ಕಾಸ್ಟ್‌ಕೋ ಮಳಿಗೆಯ ಕೋಳಿ. ವಿಜ್ಞಾನಕ್ಕೆ ಸ್ಥಿರಾಂಕ ಬೇಕು. ಸುಮಾರು ಮೂರು ಪೌಂಡ್ ತೂಗುವ ಈ ಕೋಳಿಯ ಬೆಲೆ 2009ರಿಂದ 4.99 ಡಾಲರಿನಲ್ಲೇ ನಿಂತಿದೆ. ಬೆಳಕಿನ ವೇಗವನ್ನು ಬಿಟ್ಟರೆ ಇಷ್ಟು ನಂಬಿಕಸ್ಥ ಸಂಖ್ಯೆ ಸಿಗುವುದು ಕಷ್ಟ. ಬೆಲೆಯನ್ನು ಹೀಗೆ ಹಿಡಿದಿಡಲೆಂದೇ ಕಂಪನಿ 2019ರಲ್ಲಿ ನೆಬ್ರಾಸ್ಕಾದ ಫ್ರೀಮಾಂಟ್‌ನಲ್ಲಿ ಸ್ವಂತ ಕೋಳಿ ಕಾರ್ಖಾನೆಯನ್ನೇ ತೆರೆಯಿತು. ಕೋಳಿಯನ್ನಿಡುವುದು ಮಳಿಗೆಯ ಕಟ್ಟಕಡೆಯಲ್ಲಿ. ಹೀಗಾಗಿ ಐದು ಡಾಲರಿನ ಕೋಳಿಗೆಂದು ಹೋದ ಜಿಜ್ಞಾಸು ಐನೂರು ಡಾಲರಿನ ಟಿವಿ ಹೊತ್ತು ಬರುವುದುಂಟು. ಟಿವಿಯ ಪೌಷ್ಟಿಕಾಂಶ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಪ್ರಮಾಣ ಪ್ರಕರಣ

ಜ್ಞಾನಕ್ಕೆ ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರು ದಾರಿಗಳುಂಟೆಂದು ನಮ್ಮ ಹಿರಿಯರು ಹೇಳಿದ್ದಾರೆ. ಕೋಳಿಯ ಮಟ್ಟಿಗೆ ಪ್ರತ್ಯಕ್ಷವೆಂದರೆ ಘಮ. ಕಾದ ಚರ್ಮದಲ್ಲಿ ಅಮೈನೋ ಆಮ್ಲಗಳೂ ಸಕ್ಕರೆಗಳೂ ಕೂಡಿ ಕಂದುಬಣ್ಣ ತಾಳುವ ಈ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ 1912ರಲ್ಲಿ ವಿವರಿಸಿದ. ಅದಕ್ಕೂ ಮೊದಲಿನ ಜನ ವಿವರಣೆಗೆ ಕಾಯದೆ ತಿಂದುಬಿಟ್ಟಿದ್ದರು.

ಶಬ್ದಪ್ರಮಾಣವೆಂದರೆ ಲೇಬಲ್. ಮೂರು ಔನ್ಸಿಗೆ, ಅಂದರೆ ಸುಮಾರು 85 ಗ್ರಾಮಿಗೆ, 140 ಕ್ಯಾಲೊರಿ, 19 ಗ್ರಾಂ ಪ್ರೋಟೀನ್, 7 ಗ್ರಾಂ ಕೊಬ್ಬು, 460 ಮಿಲಿಗ್ರಾಂ ಸೋಡಿಯಂ ಎಂದು ಅದು ಸಾರುತ್ತದೆ. ಇದನ್ನು ಅನುಮಾನದಿಂದ, ಎಂದರೆ ಲೆಕ್ಕ ಹಾಕಿ, ಪರೀಕ್ಷಿಸೋಣ. ಪ್ರೋಟೀನಿಗೆ ಗ್ರಾಮಿಗೆ ನಾಲ್ಕರಂತೆ 76, ಕೊಬ್ಬಿಗೆ ಒಂಬತ್ತರಂತೆ 63, ಒಟ್ಟು 139. ಉಳಿದ ಒಂದು ಕ್ಯಾಲೊರಿ ಎಲ್ಲಿಂದ ಬಂತು? ರೆಕ್ಕೆಯ ತುದಿಯಿಂದ ಎನ್ನುವುದು ಪೂರ್ವಪಕ್ಷ. ಐವತ್ತು ದಾಟಿದ ಕ್ಯಾಲೊರಿಯನ್ನು ಹತ್ತಿರದ ಹತ್ತಕ್ಕೆ ಸರಿಹೊಂದಿಸಿ ಬರೆಯಬೇಕೆಂಬ ಅಮೆರಿಕ ಸರ್ಕಾರದ ನಿಯಮದಿಂದ ಎನ್ನುವುದು ಸಿದ್ಧಾಂತ.

ನಮ್ಮೂರ ಹೋಟೆಲುಗಳ ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಸುತ್ತುವ ಗ್ರಿಲ್ ಚಿಕನ್‌ಗೆ ಲೇಬಲ್ ಇಲ್ಲದ್ದರಿಂದ ಅಲ್ಲಿ ಪ್ರತ್ಯಕ್ಷವೊಂದೇ ಗತಿ. ಜತೆಗೆ ಬರುವ ಮಯೋನೀಸ್‌ನ ಒಂದು ದೊಡ್ಡ ಚಮಚಕ್ಕೇ ತೊಂಬತ್ತರಿಂದ ನೂರು ಕ್ಯಾಲೊರಿ ಎಂಬುದನ್ನು ಮಾತ್ರ ಇಲ್ಲಿ ದಾಖಲಿಸಿ ಮುಂದೆ ಹೋಗುತ್ತೇವೆ. ಎರಡನೆಯ ಬಟ್ಟಲು ಕೇಳಿದವರ ಹೆಸರು ಬರೆಯುವುದಿಲ್ಲ.

ಚರ್ಮ ಪ್ರಕರಣ

ಚರ್ಮದ ವಿಷಯದಲ್ಲಿ ಮೂರು ಪಂಥಗಳಿವೆ. ಜಿಮ್ಮಿಗೆ ಹೋಗುವ ಭೇದವಾದಿಗಳು ಚರ್ಮ ಬೇರೆ, ಮಾಂಸ ಬೇರೆ ಎನ್ನುತ್ತಾರೆ. ಮಸಾಲೆಯಿಲ್ಲದೆ ಸುಟ್ಟ, ಚರ್ಮ ತೆಗೆದ ಎದೆಮಾಂಸದ ನೂರು ಗ್ರಾಮಿನಲ್ಲಿ 31 ಗ್ರಾಂ ಪ್ರೋಟೀನೂ ನಾಲ್ಕು ಗ್ರಾಮಿಗಿಂತ ಕಡಿಮೆ ಕೊಬ್ಬೂ ಇರುವುದು ಅವರ ಆಧಾರ. ಲೆಗ್ ಪೀಸನ್ನೇ ಆಶ್ರಯಿಸಿದ ಅಭೇದವಾದಿಗಳು ಎರಡೂ ಒಂದೇ ಎಂದು ಸಾಧಿಸಿ ಬಾಯಿಗಿಡುತ್ತಾರೆ. ಮೂರನೆಯವರು ಭೇದಾಭೇದವಾದಿಗಳು. ತಟ್ಟೆಯಲ್ಲಿ ಎಲ್ಲರೆದುರು ಚರ್ಮ ಸುಲಿದು ಪಕ್ಕಕ್ಕಿಟ್ಟು, ಅಡುಗೆಮನೆಯಲ್ಲಿ ತಟ್ಟೆ ತೊಳೆಯುವ ನೆಪದಲ್ಲಿ ನಿಂತೇ ತಿನ್ನುತ್ತಾರೆ. ಸುಟ್ಟ ಚರ್ಮದ ನೂರು ಗ್ರಾಮಿಗೆ ಸುಮಾರು 40 ಗ್ರಾಂ ಕೊಬ್ಬು, 450 ಕ್ಯಾಲೊರಿ. ನಿಂತು ತಿಂದದ್ದಕ್ಕೆ ಕ್ಯಾಲೊರಿ ಇಲ್ಲವೆಂಬ ಈ ಪಂಥದ ಮೂಲತತ್ತ್ವಕ್ಕೆ ಯಾವ ಪ್ರಮಾಣವೂ ದೊರೆತಿಲ್ಲ.

ಲವಣ ಪ್ರಕರಣ

ಎಲ್ಲರೂ ಕೊಬ್ಬಿನ ಬಗ್ಗೆ ಜಗಳಾಡುವಾಗ ಸದ್ದಿಲ್ಲದೆ ಒಳಗೆ ಕುಳಿತಿರುವುದು ಉಪ್ಪು. ಉಪ್ಪಿಲ್ಲದೆ ಸುಟ್ಟ ಕೋಳಿಯ 85 ಗ್ರಾಮಿನಲ್ಲಿ ಸಹಜವಾಗಿ ಇರುವ ಸೋಡಿಯಂ ಸುಮಾರು 70 ಮಿಲಿಗ್ರಾಂ. ಲೇಬಲ್ ಹೇಳುವುದು 460. ಅದಕ್ಕೆ ಕಾರಣ ಮೇಲೆ ಉದುರಿಸಿದ ಮಸಾಲೆಯಷ್ಟೇ ಅಲ್ಲ. ಬೇಯುವ ಮೊದಲೇ ಮಾಂಸದೊಳಕ್ಕೆ ಉಪ್ಪು, ಸೋಡಿಯಂ ಫಾಸ್ಫೇಟ್, ಪಿಷ್ಟ ಮತ್ತು ಕ್ಯಾರಗೀನನ್ ಕಲಸಿದ ನೀರನ್ನು ಸೇರಿಸಿರುತ್ತಾರೆ. ಫಾಸ್ಫೇಟು ಮಾಂಸ ನೀರು ಬಿಟ್ಟು ಒಣಗದಂತೆ ತಡೆಯುತ್ತದೆ. ಕ್ಯಾರಗೀನನ್ ಕೆಂಪು ಕಡಲಪಾಚಿಯಿಂದ ತೆಗೆದದ್ದು. ನೆಬ್ರಾಸ್ಕಾದ ಕೋಳಿ ಬದುಕಿದ್ದಾಗ ಕಾಣದ ಸಮುದ್ರವನ್ನು ಸತ್ತಮೇಲೆ ಹೊಟ್ಟೆಗೆ ಹಾಕಿಕೊಳ್ಳುವುದು ಹೀಗೆ.

ಅಧಿಕಾರಿ ಪ್ರಕರಣ

ಪ್ರತಿ ಶಾಸ್ತ್ರಕ್ಕೂ ಒಬ್ಬ ಅಧಿಕಾರಿ ಇರುತ್ತಾನೆ, ಅದಕ್ಕೆ ಅರ್ಹನಾದವನು. ಲೇಬಲ್ ಶಾಸ್ತ್ರದ ಅಧಿಕಾರಿ 85 ಗ್ರಾಂ ತಿಂದು, ಸಾಕೆಂದು ಕೈ ತೊಳೆಯುವ ಮನುಷ್ಯ. ಈತನನ್ನು ಕಂಡವರಿಲ್ಲ. ಅಮೆರಿಕದ ಪಥ್ಯತಜ್ಞರು ಈ ಪ್ರಮಾಣವನ್ನು ಒಂದು ಇಸ್ಪೀಟು ಕಟ್ಟಿನಷ್ಟು ಎಂದು ವರ್ಣಿಸುತ್ತಾರೆ. ಇಸ್ಪೀಟು ಹಿಡಿದವನು ಒಂದೇ ಆಟಕ್ಕೆ ಎದ್ದುಹೋದ ಉದಾಹರಣೆ ಇದೆಯೇ? ಹಸಿದವನು ಮೂರು ಕಟ್ಟು ಮುಗಿಸುತ್ತಾನೆಂದು ಇಟ್ಟುಕೊಳ್ಳೋಣ. ಪ್ರೋಟೀನ್ 57 ಗ್ರಾಂ, ಸಂತೋಷ. ಕ್ಯಾಲೊರಿ 420, ಪರವಾಗಿಲ್ಲ. ಸೋಡಿಯಂ 1,380 ಮಿಲಿಗ್ರಾಂ. ದೊಡ್ಡವರಿಗೆ ದಿನವಿಡೀ ಸೇರಿ 2,000ದೊಳಗೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಳಗಿನ ಉಪ್ಪಿಟ್ಟು, ರಾತ್ರಿಯ ಮೊಸರನ್ನದ ಮೆಣಸಿನಕಾಯಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ನಿರ್ಣಯ

ಲೇಬಲ್ಲಿನ ಅಂಕಿಗಳು ನಿಜ, ಅದು ಊಹಿಸಿಕೊಂಡ ಮನುಷ್ಯ ಸುಳ್ಳು. ಕೋಳಿ ಒಳ್ಳೆಯದೇ. ಪ್ರೋಟೀನು ಧಾರಾಳ, ಕೊಬ್ಬಿನ ಬಹುಪಾಲು ಅಪರ್ಯಾಪ್ತ, ಬೆಲೆ ಅಗ್ಗ. ಓದಬೇಕಾದದ್ದು ಸೋಡಿಯಂನ ಸಾಲು, ಗುಣಿಸಬೇಕಾದದ್ದು ನಿಜವಾಗಿ ತಿಂದ ಪಾಲಿನಿಂದ. ಅಮೆರಿಕದಲ್ಲಿರುವ ಕನ್ನಡಿಗ ಬಂಧುಗಳಿಗೆ ಕೊನೆಯದಾಗಿ ಒಂದು ಮಾತು: ಉಳಿದ ಕೋಳಿಯನ್ನು ಮಾರನೆಯ ದಿನ ಬಿಡಿಸಿ ಸಾರಿಗೆ ಹಾಕುವಾಗ ರುಚಿ ನೋಡದೆ ಉಪ್ಪಿನ ಡಬ್ಬಿ ಮುಟ್ಟಬೇಡಿ. ಉಪ್ಪನ್ನು ಅವರು ಆಗಲೇ ಹಾಕಿದ್ದಾರೆ.